ಆಂಟಿ-ಫೋಕ್ ಸಂಗೀತ ವಿಡಿಯೋಗಳಲ್ಲಿ ಕಲಾವಿದರ ಬಿಂಬ

1980ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡ ಆಂಟಿ-ಫೋಕ್ ಪಂಥವು ಫೋಕ್ ಗಾಯಕರ ಗಾಂಭೀರ್ಯವನ್ನು ಅಣಕಿಸಿತು. ಹಾಡುವವರು ಕೇಳುಗರಂತೆಯೇ ಸಾಮಾನ್ಯರೆಂಬ ನಂಬಿಕೆಯನ್ನು ಹುಟ್ಟಿಸುವುದು ಅದರ ರೂಢಿಯಾಯಿತು. ಕಾಮಿಕ್ಸ್ ಕಲಾವಿದರೂ ಆದ ಜೆಫ್ರಿ ಲೂಯಿಸ್ ತಾವೇ ಬರೆದ ದೊಡ್ಡ ಚಿತ್ರಪುಟಗಳನ್ನು ವೇದಿಕೆಯಲ್ಲಿ ಒಂದೊಂದಾಗಿ ಮಗುಚುತ್ತ ಹಾಡುತ್ತಾರೆ. ಅವನ್ನು ಅಲ್ಪವೆಚ್ಚದ ಚಿತ್ರಗಳೆಂದೇ ಕರೆದಿದ್ದಾರೆ. ಇಲ್ಲಿ ಹಣದ ಕೊರತೆಯೇ ರೂಪವಾಗಿ ಪರಿಣಮಿಸಿದೆ.

ಅದೇ ಬಳಗದಿಂದ ಬಂದ ರೆಜೀನಾ ಸ್ಪೆಕ್ಟರ್ ಅವರ ‘ಫಿಡೆಲಿಟಿ’ (2006) ಗೀತೆಯ ವಿಡಿಯೋವನ್ನು ನಿರ್ದೇಶಿಸಿದವರು ಮಾರ್ಕ್ ವೆಬ್. ಕಪ್ಪು-ಬಿಳುಪಿನ ಅಚ್ಚುಕಟ್ಟಾದ ಮನೆ, ಒಳಗೆ ದೇಹವೇ ಇಲ್ಲದ ಪುರುಷನ ಉಡುಪು. ಹೃದಯಾಕಾರದ ಪದಕವೊಂದು ಒಡೆದು ಬಣ್ಣ ಚೆಲ್ಲುತ್ತದೆ. ಇದನ್ನು ಪಂಥದ್ರೋಹವೆನ್ನುವುದು ಅವಸರದ ತೀರ್ಪಾದೀತು. ಮೋಲ್ಡಿ ಪೀಚಸ್ ಜೋಡಿಯು ತೊಟ್ಟ ಮೊಲ ಹಾಗೂ ರಾಬಿನ್ ಹುಡ್ ವೇಷಗಳೂ ಯೋಚಿಸಿ ಆಯ್ದವುಗಳೇ. ಸ್ಪೆಕ್ಟರ್ ಬದಲಿಸಿದ್ದು ಆವರಣವನ್ನು. ಒಂದೇ ಪದವನ್ನು ತುಂಡರಿಸಿ ಎಳೆದು ಹಾಡುವ ಅವರ ರೀತಿ ಈ ಗೀತೆಯಲ್ಲಿಯೂ ಉಳಿದಿದೆ.