ಎರೆಭೂಮಿಯ ದಾರಿಗೆ ಒದಗಿದ ಕಪ್ಪು ಸೈಕಲ್
1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದ ಉದಗೀರ ಮತ್ತು ನಿಲಂಗಾ, ಉಸ್ಮಾನಾಬಾದ್ ಜಿಲ್ಲೆಯಲ್ಲಿದ್ದ ಉಮರ್ಗಾ, ಈ ಮೂರೂ ಕನ್ನಡ, ಮರಾಠಿ, ಉರ್ದು ಬೆರೆತ ಎರೆಮಣ್ಣಿನ ಸೀಮೆಯ ಊರುಗಳು. ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅಂಟಿಕೊಂಡು ಸವಾರನನ್ನು ಕೆಳಗಿಳಿಸುವ ಈ ಮಣ್ಣಿನಲ್ಲಿ, ದೂರ ಸಾಗುವ ಸೈಕಲ್‌ಗೆ ವೇಗಕ್ಕಿಂತ ತಾಳಿಕೆಯೇ ಮುಖ್ಯವಾಗಿತ್ತು.

ಈ ಅಗತ್ಯಕ್ಕೆ ಒದಗಿದ್ದು ಇಂಗ್ಲೆಂಡಿನಲ್ಲಿ ರೂಪುಗೊಂಡ ರೋಡ್‌ಸ್ಟರ್, ಅಂದರೆ 28 ಇಂಚಿನ ಚಕ್ರ, ಒಂದೇ ಗೇರು, ಕೇಬಲ್ಲಿನ ಬದಲು ಉಕ್ಕಿನ ಸರಳುಗಳಿಂದ ಹಿಡಿಯುವ ಬ್ರೇಕು ಇರುವ ಭಾರವಾದ ಕಪ್ಪು ಸೈಕಲ್. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಸೈಕಲ್ ತಯಾರಿಕೆ ಆರಂಭವಾದ ಮೇಲೆ ಇದು ದೇಶದ ಹಳ್ಳಿಗಳ ವಾಹನವಾಯಿತು. ಮುಂದಿನ ಚಕ್ರಕ್ಕೆ 32, ಹೊರೆಯ ಬಹುಪಾಲನ್ನು ತಾಳಬೇಕಾದ ಹಿಂದಿನದಕ್ಕೆ 40 ಕಡ್ಡಿಗಳನ್ನು ಕೂರಿಸುತ್ತಿದ್ದುದು ಇದರ ಜಾಣ್ಮೆ. ಈ ಸೀಮೆಯ ಬಾಲಾಘಾಟ್ ಬೆಟ್ಟಸಾಲಿನ ಏರುಗಳಲ್ಲಿ ಸವಾರನನ್ನು ಇಳಿಸಿ ತಳ್ಳಿಸುತ್ತಿದ್ದ ಒಂದೇ ಗೇರು ಇದರ ಮಿತಿ.

ದೂರಪ್ರಯಾಣಕ್ಕೆ ಬೇಕಾದ ಸಜ್ಜು ಅಲ್ಪವೇ: ಗಟ್ಟಿ ಕ್ಯಾರಿಯರ್, ಪಂಪು, ಪಂಕ್ಚರ್ ಸೊಲ್ಯೂಷನ್, ಟೈರಿಗೆ ಉಜ್ಜಿಕೊಂಡು ತಿರುಗಿ ದೀಪಕ್ಕೆ ವಿದ್ಯುತ್ ನೀಡುವ, ಆದರೆ ತುಳಿತವನ್ನು ಭಾರವಾಗಿಸುವ ಡೈನಮೊ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ಯುವಕರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮಗರಾ ಎಂಬ ಮೂವರು 1928ರ ವೇಳೆಗೆ ಲೋಕವನ್ನೇ ಸುತ್ತಿ ಬಂದದ್ದು ಗೇರುಗಳ ಸಾಲಿಲ್ಲದ ಸೈಕಲ್‌ಗಳ ಮೇಲೆಯೇ ಎಂಬುದನ್ನು ನೆನೆದರೆ, ಇಂದಿನ ದುಬಾರಿ ಸಜ್ಜಿನಲ್ಲಿ ಕೊಂಚ ಭಾಗ ಶೋಕಿಗೂ ಸಲ್ಲುತ್ತದೆ ಎನ್ನಬಹುದು.