ಗಣಿ ಮುಚ್ಚಿದ ಮೇಲೆ ಮಣ್ಣು ಯಾರದು?

ಬಾಳ್ಳುಪೇಟೆಯಲ್ಲಿ ಕಬ್ಬಿಣದ ಗಣಿ ಇಲ್ಲ. ಆದ್ರೂ ನನ್ನ ವಯಸ್ಸಿನೋರಿಗೆ ಗಣಿ ಅಂದ್ರೇನು ಅಂತ ಗೊತ್ತಾಗಿದ್ದು ಇಲ್ಲೇ, ಹೈವೇ ಪಕ್ಕ ನಿಂತು. 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಲಾರಿಗಳು ಸಾಲುಗಟ್ಟಿ ನಮ್ಮೂರು ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗ್ತಿದ್ವು. ರೈಲುಹಾದಿ ಬ್ರಾಡ್‌ಗೇಜ್ ಆಗಿ 2006ರಲ್ಲಿ ಗೂಡ್ಸ್ ಓಡಾಟ ಶುರುವಾದ ಮೇಲೆ ವ್ಯಾಗನ್‌ಗಳಲ್ಲೂ ಹೋಯ್ತು. ಎಸ್ಟೇಟ್ ಕೂಲಿ ಮುಗಿಸಿ ಬರೋ ಅವ್ವನ ಸೆರಗೆಲ್ಲ ಕೆಂಪು. “ಯಾರ ಹೊಲದ ಮಣ್ಣೋ ಇದು” ಅಂತ ಕೊಡವೋಳು. “ಅದು ಮಣ್ಣಲ್ಲ ಕಣವ್ವಾ, ಅದಿರು” ಅಂತ ಓದಿದ ಮಗನಾಗಿ ತಿದ್ದುತ್ತಿದ್ದೆ.

ಅವ್ವನೇ ಸರಿ. ಅದಿರು ಸಿಗಬೇಕಾದರೆ ಮೊದಲು ಮೇಲಿನ ಮಣ್ಣು ತೆಗೀಬೇಕು. ಒಂದು ಇಂಚು ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು. ಅದರಲ್ಲಿ ಬೀಜ, ಬೇರು, ಹುಳ, ಕಣ್ಣಿಗೆ ಕಾಣದ ಜೀವಗಳೆಲ್ಲ ಇರ್ತವೆ. ಹೀಗೆ ತೆಗೆದ ಮೇಲ್ಮಣ್ಣನ್ನು ಬೇರೆಯಾಗಿ ಕಾಪಾಡಿ, ಗಣಿ ಮುಗಿದ ಜಾಗಕ್ಕೆ ವಾಪಸ್ ಹಾಕಬೇಕು ಅಂತ 1988ರ ಖನಿಜ ಸಂರಕ್ಷಣಾ ನಿಯಮದಲ್ಲೇ ಇತ್ತು. ಎತ್ತರಕ್ಕೆ ಗುಡ್ಡೆ ಹಾಕಿ ವರ್ಷಾನುಗಟ್ಟಲೆ ಬಿಟ್ಟರೂ ಕೆಳಗಿನ ಬೀಜ ಸಾಯ್ತದೆ. ಹಾಗೂ ಇಡದವರೇ ಹೆಚ್ಚು. ಇಂಥಾ ಜಾಗ ಮತ್ತೆ ಹಸಿರಾಗಬೇಕಾದರೆ ಮೊದಲು ಇಳಿಜಾರು ತಗ್ಗಿಸಿ, ಬುಡಕ್ಕೆ ಕಲ್ಲುಗೋಡೆ ಕಟ್ಟಿ, ಮಳೆನೀರಿಗೆ ಕಾಲುವೆ ಮಾಡಿ, ಆಮೇಲೆ ಹುಲ್ಲು ಮತ್ತು ದ್ವಿದಳ ಜಾತಿಯ ಗಿಡ ಹಾಕಬೇಕು. ಮರ ಕೊನೇಗೆ. ನಮ್ಮಲ್ಲಿ ಉಲ್ಟಾ. ಮೊದಲು ಸಸಿ, ಫೋಟೊ, ಬೋರ್ಡು.

ನಮಗೆ ಹತ್ತಿರದ ಪಾಠ ಕುದುರೆಮುಖ. ಅಲ್ಲಿ ಅದಿರಿದೆ ಅಂತ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಕಂಪನಿ ಆಗಿದ್ದು 1976ರಲ್ಲಿ, ಇರಾನಿಗೆ ಅದಿರು ಕಳಿಸೋ ಲೆಕ್ಕದಲ್ಲಿ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದಿರು ಬಸಿದ ಹೂಳು ಇವತ್ತಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿದೆ. ಅಲ್ಲಿನ ಬೆಟ್ಟಗಳು ಕಣಿವೆಯಲ್ಲಿ ಶೋಲಾ ಕಾಡು, ಮೈಮೇಲೆ ಹುಲ್ಲು ಇರೋ ಬೆಟ್ಟಗಳು. ಅಂಥಾ ಕಡೆ ಅಕೇಶಿಯಾದಂಥ ಹೊರಗಿನ ಗಿಡ ನೆಟ್ಟರು. ದೂರದಿಂದ ನೋಡಿದರೆ ಹಸಿರೇ. ಆದರೆ ಹುಲ್ಲು ಮಳೆನೀರು ಹಿಡಿದು ಭದ್ರೆಗೆ ನಿಧಾನಕ್ಕೆ ಬಿಡೋ ಕೆಲಸವನ್ನ ಅದು ಮಾಡಲ್ಲ. ಇನ್ನೊಂದು ಮಾತು: ಗಣಿ ನಡೆಯುವಾಗ ಅಡ್ಡಿಯಾಗದ ಕಾಡು, ತಲೆಮಾರುಗಳಿಂದ ಅಲ್ಲೇ ಬದುಕಿದ ಮಲೆಕುಡಿಯರ ವಿಷಯ ಬಂದಾಗ ಮಾತ್ರ ರಾಷ್ಟ್ರೀಯ ಉದ್ಯಾನ ಆಯ್ತು. ಅವರಿಗೆ ಎದ್ದುಹೋಗಿ ಅಂದರು.

ಬಳ್ಳಾರಿ ಕತೆ ಗೊತ್ತೇ ಇದೆ. 2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಅದರ ಬೆನ್ನಲ್ಲೇ ಗಣಿಗಾರಿಕೆಗೆ ತಡೆ. ಪ್ರತಿ ಗಣಿಗೂ ಭೂಮಿ ಸರಿಪಡಿಸೋ ಯೋಜನೆ ಆಗದೆ ಅಗೆಯುವಂತಿಲ್ಲ ಅಂತ ಕೋರ್ಟು ಷರತ್ತು ಹಾಕಿದ್ದು ದೊಡ್ಡದು, ಅದನ್ನ ಒಪ್ಪಬೇಕು. 2014ರಲ್ಲಿ ಪುನಶ್ಚೇತನಕ್ಕೇ ಒಂದು ನಿಗಮವೂ ಆಯ್ತು. ಆದರೆ ಗಣಿ ಮಾಲೀಕರಿಂದ ಕಡಿದುಕೊಂಡ ದುಡ್ಡು ವರ್ಷಗಟ್ಟಲೆ ಬ್ಯಾಂಕಲ್ಲೇ ಬೆಳೀತು. ಸುಮಾರು 25 ಸಾವಿರ ಕೋಟಿಯ ಯೋಜನೆಗೆ ದಾರಿ ಬಿಟ್ಟಿದ್ದು 2022ರಲ್ಲಿ, ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರ ಉಸ್ತುವಾರಿಯಲ್ಲಿ. ತಡೆ ಬಿದ್ದ ಮಾರನೇ ದಿನವೇ ಕೂಲಿ ಕಳ್ಕೊಂಡೋರು ಹನ್ನೊಂದು ವರ್ಷ ಏನು ಉಂಡರು?

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ಸೋದು 2020ರ ಜನವರಿ 8ರ ಆದೇಶ. ಗಣಿ ಮುಗಿದ ಜಾಗದಲ್ಲಿ ಮೇವು ಬೆಳೆಯೋ ಹಾಗೆ ಮತ್ತೆ ಹುಲ್ಲು ಬೆಳೆಸೋದು ಗುತ್ತಿಗೆಯ ಷರತ್ತಾಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಹುಲ್ಲು ಯಾರಿಗೆ ಬೇಕು? ಭೂಮಿ ಇದ್ದೋನ ಹಸುಗೆ ಹೊಲದ ಬದುವಿದೆ. ಭೂಮಿ ಇಲ್ಲದೋರ ಎರಡು ಆಡು, ಒಂದು ಕರುವಿಗೆ ಗೋಮಾಳ ಬಿಟ್ಟು ಇನ್ನೇನಿದೆ?

ಈಗ ನಮ್ಮ ಕೇರಿ ವಿಷಯ. ಹಿಂದಿನ ಗೋಮಾಳದಲ್ಲಿ ಒಂದು ಕಲ್ಲುಕ್ವಾರಿ ಇತ್ತು. ಮಾಲೀಕರ ಹೆಸರು ಬೇಡ. ಮೇಲಿನ ಕಪ್ಪು ಮಣ್ಣನ್ನ ಅವರು ಗುಡ್ಡೆ ಹಾಕಿ ಕಾಪಾಡಲಿಲ್ಲ, ಟ್ರ್ಯಾಕ್ಟರ್ ಲೆಕ್ಕದಲ್ಲಿ ಕಾಫಿ ನರ್ಸರಿಗೆ ಮಾರಿದರು. ಆ ಮಣ್ಣನ್ನ ಸಸಿ ಬ್ಯಾಗಿಗೆ ತುಂಬೋ ಕೂಲಿಗೆ ಹೋದೋಳು ನಮ್ಮವ್ವ. ತಾನು ಹುಲ್ಲು ಕೊಯ್ತಿದ್ದ ಜಾಗದ ಮಣ್ಣು ಅಂತ ಅವಳಿಗೆ ಗೊತ್ತಿತ್ತು. “ವಾಸನೇಲೇ ಗೊತ್ತಾಯ್ತು” ಅಂದಿದ್ದಳು, ಅಷ್ಟೇ. ಆ ಸಸಿಗಳು ಇವತ್ತು ಯಾರ್ಯಾರದ್ದೋ ತೋಟದಲ್ಲಿ ಫಸಲು ಕೊಡ್ತಿವೆ. ನಮಗೆ ಉಳಿದಿದ್ದು ನೀರು ನಿಂತ ಗುಂಡಿ, ಕಲ್ಲುಪುಡಿ. ಎರಡು ಆಡು ಅದರಲ್ಲೇ ಹೋದ್ವು.

ಈ ಸಲ ಅಲ್ಲಿ ಬೇಲಿ ಹಾಕಿ ಅಕೇಶಿಯಾ ನೆಡೋಣ ಅನ್ನೋ ಮಾತು ಎದ್ದಿದೆ. ನಮ್ಮ ಗುಂಡಿ 2020ರ ಆದೇಶಕ್ಕಿಂತ ಹಳೇದು, ಅದು ಅನ್ವಯಿಸಲ್ಲ ಅಂತಾರೆ. ಇರಬಹುದು. ಆದರೂ ಗ್ರಾಮಸಭೆಗೆ ನಾವು ಮೂರು ಬೇಡಿಕೆ ಬರೆದಿದ್ದೀವಿ: ಕೆರೆ ಹೂಳು ತಂದು ಮೇಲೆ ಹರಡಬೇಕು, ಅಂಚಿಗೆ ಲಾವಂಚ, ಒಳಗೆ ಹುಲ್ಲು, ಹೊಂಗೆ, ಕೆಲಸವೂ ಮೇವೂ ಕೇರಿಯ ಹೆಣ್ಣುಮಕ್ಕಳ ಸಂಘಕ್ಕೆ. ಪಹಣಿಯಲ್ಲಿ ಅದು ಗೋಮಾಳ ಅಂತಲೇ ಇದೆ, ನಕಲು ತೆಗೆಸಿ ಇಟ್ಟಿದ್ದೀನಿ. ಆಲೂರು, ಸಕಲೇಶಪುರ ಕಡೆ ಇಂಥಾ ಗುಂಡಿ ಇರೋ ಕೇರಿಯೋರು ನಿಮ್ಮ ಸರ್ವೆ ನಂಬರ್ ಹಿಡ್ಕೊಂಡು ಬನ್ನಿ. ಅವ್ವನೂ ಸಭೆಗೆ ಬರ್ತಾಳೆ.

ಜೈ ಭೀಮ್.