ಹಿಂದಕ್ಕೆ ಹೋಗುವ ಅಪ್‌ಗ್ರೇಡ್

ಫೋನಿಗೆ ಅಪ್‌ಗ್ರೇಡ್ ಅಂದ್ರೆ ಮುಂದಿನ ವರ್ಷದ ಮಾಡೆಲ್. ಹಳೇ ಪೋರ್ಷೆ 911ರ ಎಕ್ಸಾಸ್ಟಿಗೆ ಅಪ್‌ಗ್ರೇಡ್ ಅಂದ್ರೆ 1974ರ ಮಾಡೆಲ್! 1980ರ ದಶಕದ ಕಾರು ಇಟ್ಟುಕೊಂಡವರು, ತಮ್ಮ ಕಾರು ಹುಟ್ಟುವ ಮೊದಲೇ ಕಂಪನಿ ಕೈಬಿಟ್ಟಿದ್ದ ವಿನ್ಯಾಸವನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೊಸದಾಗಿ ಮಾಡಿದ್ದನ್ನ ಹುಡುಕಿ ತಂದು, ದುಡ್ಡು ಸುರಿದು ಹಾಕಿಸ್ಕೋತಾರೆ. ಮೊದಲ ಸಲ ಕೇಳಿದಾಗ ಇದು ಬರೀ ಹಳೇ ಕಾರಿನವರ ಹುಚ್ಚು ಅಂದ್ಕೊಂಡಿದ್ದೆ. ಕೆದಕಿ ಓದ್ತಾ ಹೋದ ಹಾಗೆ ಆ ಕೊಳವೆಯೊಳಗೆ ಒಂದು ಊರಿನ ಆಕಾಶದ ಕತೆಯೇ ಸಿಕ್ಕಿತು.

ಮೊದಲು ಎಂಜಿನ್ನಿನ ವಿಷಯ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಈ ಕಾರು 901 ಅನ್ನೋ ಹೆಸರಲ್ಲಿ ಬಂತು. ಮಧ್ಯದಲ್ಲಿ ಸೊನ್ನೆ ಇರೋ ಮೂರಂಕಿಯ ಹೆಸರುಗಳು ನಮ್ಮವು ಅಂತ ಪೆಜೊ ಕಂಪನಿ ತಕರಾರು ತೆಗೆದ ಮೇಲೆ 911 ಆಯ್ತು. ಎಂಜಿನ್ ಇರೋದು ಹಿಂದೆ, ಹಿಂದಿನ ಚಕ್ರಗಳಿಗೂ ಆಚೆ. ಆರು ಸಿಲಿಂಡರುಗಳು, ಎಡಕ್ಕೆ ಮೂರು, ಬಲಕ್ಕೆ ಮೂರು, ಅಡ್ಡಡ್ಡ ಮಲಗಿವೆ. ನೀರಿಲ್ಲ, ರೇಡಿಯೇಟರ್ ಇಲ್ಲ. ಒಂದು ದೊಡ್ಡ ಫ್ಯಾನ್ ಗಾಳಿ ಊದುತ್ತೆ, ಉಳಿದ ಬಿಸಿಯನ್ನ ಎಂಜಿನ್ ಆಯಿಲ್ ಹೊತ್ತೊಯ್ಯುತ್ತೆ. ನಮ್ಮ ಬುಲೆಟ್ ಬೈಕಿನದ್ದೂ ಗಾಳಿಯಿಂದಲೇ ತಣ್ಣಗಾಗೋ ಎಂಜಿನ್. ಆದರೆ ಬೈಕ್ ಓಡಿಸೋನಿಗೆ ಚಳಿ ಆದ್ರೆ ಜಾಕೆಟ್ ಹಾಕ್ಕೋತಾನೆ. ಜರ್ಮನಿಯ ಜನವರಿಯಲ್ಲಿ ಕಾರಿನೊಳಗೆ ಕೂತವರಿಗೆ ಬಿಸಿ ಎಲ್ಲಿಂದ ತರೋದು?

ಬೇರೆ ಕಾರುಗಳಲ್ಲಿ ಎಂಜಿನ್ನಿನ ಬಿಸಿನೀರನ್ನೇ ಒಳಗೆ ತಿರುಗಿಸ್ತಾರೆ. ಇಲ್ಲಿ ನೀರೇ ಇಲ್ಲವಲ್ಲ, ಹಾಗಾಗಿ ಎಕ್ಸಾಸ್ಟಿಗೆ ಕೈ ಹಾಕಿದರು. ಹಳೇ ಮನೆಗಳ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ನೋಡಿದ್ದೀರಲ್ಲ? ನಡುವಿನ ಕೊಳವೆಯಲ್ಲಿ ಬೆಂಕಿ, ಹೊಗೆ, ಸುತ್ತ ನೀರು. ಇದೂ ಅದೇ ಉಪಾಯ, ನೀರಿನ ಜಾಗದಲ್ಲಿ ಗಾಳಿ ಅಷ್ಟೆ. ಸಿಲಿಂಡರಿನಿಂದ ಹೊರಬೀಳೋ ಹೊಗೆಯ ಕೊಳವೆಗೆ ಇನ್ನೊಂದು ತಗಡಿನ ಅಂಗಿ ತೊಡಿಸಿ, ನಡುವಿನ ಸಂದಿಯಲ್ಲಿ ಗಾಳಿ ಹಾಯಿಸಿ, ಬಿಸಿಯಾದ ಆ ಗಾಳಿಯನ್ನ ಕಾರಿನೊಳಕ್ಕೆ ಬಿಡೋದು. ಹೆಸರು ಹೀಟ್ ಎಕ್ಸ್‌ಚೇಂಜರ್. ಮುಂದಿನ ಗಾಜಿನ ಮೇಲೆ ಕೂತ ಮಂಜನ್ನ ಓಡಿಸೋದೂ ಇದೇ ಗಾಳಿ.

ಚಳಿದೇಶದ ರಸ್ತೆಗಳಿಗೆ ಹಿಮ ಕರಗಲಿ ಅಂತ ಉಪ್ಪು ಎರಚ್ತಾರೆ. ಸಾದಾ ಉಕ್ಕಿನ ಎಕ್ಸ್‌ಚೇಂಜರುಗಳಿಗೆ ತುಕ್ಕು ಹಿಡಿಯುತ್ತೆ. ಒಳಗಿನ ಕೊಳವೆ ತೂತಾದರೆ ಬೆಚ್ಚಗಿನ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಆಗಬಹುದು, ಅಷ್ಟೇ. ಹಾಗಾಗಿ ಈ ಕಾರುಗಳಲ್ಲಿ ಎಕ್ಸಾಸ್ಟ್ ಬದಲಾಯಿಸೋದು ಬರೀ ಶೋಕಿ ಅಲ್ಲ, ಪ್ರಾಣದ ಪ್ರಶ್ನೆಯೂ ಆಗಿರುತ್ತೆ.

1974ರ ತನಕದ ಎಕ್ಸ್‌ಚೇಂಜರುಗಳು ಇನ್ನೊಂದು ಕೆಲಸವನ್ನೂ ಸೊಗಸಾಗಿ ಮಾಡ್ತಿದ್ದವು. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಸಿಡಿಯೋ ಸರದಿ 1-6-2-4-3-5. ಒಂದರಿಂದ ಮೂರು ಒಂದು ಬದಿ, ನಾಲ್ಕರಿಂದ ಆರು ಇನ್ನೊಂದು ಬದಿ. ಅಂದ್ರೆ ಎಡ-ಬಲ-ಎಡ-ಬಲ ಅಂತ ತಾಳ ತಪ್ಪದೆ ಸರದಿ ಬರುತ್ತೆ. ಒಂದೊಂದು ಬದಿಯ ಮೂರು ಸಿಲಿಂಡರುಗಳ ನಡುವೆಯೂ ಸಮಾನ ಅಂತರ. ಆ ಮೂರು ಕೊಳವೆಗಳ ಉದ್ದವನ್ನ ಸರಿಸಮ ಇಟ್ಟು ಒಂದಕ್ಕೆ ಸೇರಿಸಿದರೆ, ಮುಂದೆ ಓಡೋ ಹೊಗೆ ತನ್ನ ಹಿಂದೆ ಬರೋ ಹೊಗೆಯನ್ನ ಎಳ್ಕೊಂಡು ಹೋಗುತ್ತೆ. ಎಂಜಿನ್ ಸರಾಗವಾಗಿ ಉಸಿರಾಡುತ್ತೆ. ಎರಡು ಬದಿಯಿಂದ ಎರಡು ಕೊಳವೆ ಬಂದು ಹಿಂದಿನ ಸೈಲೆನ್ಸರಿಗೆ ಸೇರುತ್ತವೆ, ಅಲ್ಲಿಗೆ ಮುಗೀತು. 1973ರ ಕರೆರಾ ಆರ್‌ಎಸ್ 2.7 ಲೀಟರಿನಲ್ಲಿ 210 ಅಶ್ವಶಕ್ತಿ ಹೊರತೆಗೆದಿತ್ತು.

ಇನ್ನು ಆಕಾಶದ ಕತೆ. ಲಾಸ್ ಏಂಜಲೀಸಿನ ಮೇಲೆ 1940ರ ದಶಕದಿಂದಲೇ ಕಣ್ಣು ಉರಿಸೋ ಕಂದು ಮಬ್ಬು ಕವಿದಿರ್ತಿತ್ತು. ಅದು ಏನು ಅಂತ ಕಂಡುಹಿಡಿದವರು ಆರೀ ಹಾಗೆನ್-ಸ್ಮಿಟ್, ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ವಿಜ್ಞಾನಿ. ಅದುವರೆಗೆ ಅವರು ಅನಾನಸ್ ಹಣ್ಣಿನ ಪರಿಮಳ ಯಾವ್ಯಾವ ರಾಸಾಯನಿಕಗಳಿಂದ ಬರುತ್ತೆ ಅಂತ ಹುಡುಕ್ತಿದ್ದರಂತೆ! ಅದೇ ವಿದ್ಯೆಯನ್ನ ಊರಿನ ಗಾಳಿಗೆ ಹಚ್ಚಿದರು. ಕಾರುಗಳು ಪೂರ್ತಿ ಸುಡದೆ ಬಿಟ್ಟ ಪೆಟ್ರೋಲಿನ ಅಂಶ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತೆ ಅಂತ 1950ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟರು. ಕಾರು, ತೈಲ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಆದರೂ ಮುಂದೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಅವರೇ ಆದರು. 1970ರ ಕ್ಲೀನ್ ಏರ್ ಆಕ್ಟ್, ಕಾರಿನ ಹೊಗೆಯ ವಿಷವನ್ನ ಐದಾರು ವರ್ಷದಲ್ಲಿ ಶೇ 90ರಷ್ಟು ಇಳಿಸಿ ಅಂದಿತು.

ಪೋರ್ಷೆಯವರ ಉತ್ತರ ಥರ್ಮಲ್ ರಿಯಾಕ್ಟರ್. 1975ರಲ್ಲಿ ಕ್ಯಾಲಿಫೋರ್ನಿಯಾದ ಕಾರುಗಳಿಗೆ, 1977ರ ಹೊತ್ತಿಗೆ ಇಡೀ ಅಮೆರಿಕಕ್ಕೆ ಹೋಗೋ 911ಗಳಿಗೆ ಬಂತು. ಸೊಗಸಾದ ಆ ಕೊಳವೆಗಳ ಜಾಗಕ್ಕೆ ಎರಡು ದಪ್ಪ ಡಬ್ಬ. ಪಂಪಿನಿಂದ ಗಾಳಿ ಊದಿ, ಉಳಿದ ಪೆಟ್ರೋಲ್ ಅಂಶವನ್ನ ಆ ಡಬ್ಬದಲ್ಲೇ ಸುಡೋದು. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ನೋಡಿ, ಗಾಳಿಯೊಂದನ್ನೇ ನಂಬಿಕೊಂಡು ತಣ್ಣಗಿರಬೇಕಾದ ಎಂಜಿನ್ನಿನ ಹೊಟ್ಟೆಯ ಕೆಳಗೇ ಎರಡು ಒಲೆ ಹಚ್ಚಿಟ್ಟ ಹಾಗಾಯ್ತು. ಸಾಲದ್ದಕ್ಕೆ ಆಗಿನ ಎಂಜಿನ್ನಿನ ಕೇಸು ಮೆಗ್ನೀಸಿಯಂನದ್ದು: ಹಗುರ, ಮೃದು. ಸಿಲಿಂಡರುಗಳನ್ನ ಹಿಡಿದಿಡೋ ಉದ್ದನೆ ಸ್ಟಡ್‌ಗಳು, ಬಿಸಿ ಏರಿದ ಹಾಗೆಲ್ಲ ಆ ಮೃದು ಲೋಹದ ಥ್ರೆಡ್ಡನ್ನೇ ಕಿತ್ತುಕೊಂಡು ಮೇಲೆ ಬಂದವು. ಅಮೆರಿಕದ 911ಎಸ್‌ನ ಶಕ್ತಿ 1974ರಲ್ಲಿ 167 ಇದ್ದದ್ದು 1977ಕ್ಕೆ 157. ಹಳೇ ಕಾರಿನ ಜಗತ್ತಿನಲ್ಲಿ ‘2.7’ ಅಂದ್ರೆ ಇವತ್ತಿಗೂ ಹುಬ್ಬು ಮೇಲೇರುತ್ತೆ.

ಹೀಗಾಗಿ ಈ ಕತೆಯನ್ನ ‘ಸರ್ಕಾರ ಒಳ್ಳೇ ಕಾರನ್ನ ಹಾಳು ಮಾಡ್ತು’ ಅಂತ ಹೇಳೋರೇ ಜಾಸ್ತಿ. ನಂಗದು ಅರ್ಧ ಸತ್ಯ ಅನ್ಸುತ್ತೆ. ಕಾನೂನು ಕೇಳಿದ್ದು ಹೊಗೆ ಕಡಿಮೆ ಮಾಡಿ ಅಂತ, ಒಲೆ ಹಚ್ಚಿ ಅಂತಲ್ಲ. ಸರಿಯಾದ ಉತ್ತರ ಬಂದದ್ದು ಕೆಲವೇ ವರ್ಷದಲ್ಲಿ. 1978ರ 911 ಎಸ್‌ಸಿಗೆ ಅಲ್ಯೂಮಿನಿಯಂ ಕೇಸು ಬಂತು, ರಿಯಾಕ್ಟರ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. 1980ರ ಅಮೆರಿಕದ ಕಾರುಗಳಿಗೆ ಹೊಗೆಯಲ್ಲಿನ ಆಮ್ಲಜನಕ ಅಳೆಯೋ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ಬಂತು. (ನಮ್ಮ ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆ ಇದೇ ಬಾಷ್ ಬಳಗದ್ದಾಗಿತ್ತು. ಮೈಕೋ ಲೇಔಟಿನಲ್ಲಿ ಬಾಡಿಗೆ ಕಟ್ಟುವವರು ಒಮ್ಮೆ ನೆನೆಯಬಹುದು.) ಎಂಜಿನ್ನುಗಳು ಬಾಳಿಕೆ ಬಂದವು, ಗಾಳಿಯೂ ತಿಳಿಯಾಗುತ್ತಾ ಬಂತು.

ಒಂದು ಮಾತ್ರ ವಾಪಸ್ ಬರಲಿಲ್ಲ: ಆ ಸರಿಸಮ ಉದ್ದದ ಕೊಳವೆಗಳು. ಎರಡೂ ಬದಿಯ ಹೊಗೆ ಒಂದೇ ಕನ್ವರ್ಟರಿಗೆ ಹೋಗಬೇಕಲ್ಲ, ಅದಕ್ಕೆ ಅಡ್ಡ ಕೊಳವೆ ಹಾಕಿ ಒಂದು ಬದಿಯದನ್ನ ಇನ್ನೊಂದಕ್ಕೆ ಸೇರಿಸಿದರು. ಆ ತಿರುವು ಮುರುವಿನಲ್ಲಿ ಉಸಿರು ಸ್ವಲ್ಪ ಕಟ್ಟಿತು. ಈಗ ಜನ ಹಾಕಿಸಿಕೊಳ್ಳೋ ಎಸ್‌ಎಸ್‌ಐ ಮಾದರಿಯ ಎಕ್ಸ್‌ಚೇಂಜರುಗಳು 1974ರ ಆ ನಕ್ಷೆಯದ್ದೇ. ಸ್ಟೇನ್‌ಲೆಸ್ ಆದ್ದರಿಂದ ಸುಲಭಕ್ಕೆ ತುಕ್ಕು ಹಿಡಿಯಲ್ಲ, ಬಿಸಿಗಾಳಿಯೂ ಉಳಿಯುತ್ತೆ. ಇನ್ನೂ ಹಗುರ ಬೇಕು ಅನ್ನೋರು ತಗಡಿನ ಅಂಗಿಯೇ ಇಲ್ಲದ ಬರೀ ಹೆಡರ್ ಹಾಕಿಸ್ತಾರೆ. ರೇಸ್ ಟ್ರ್ಯಾಕಿಗೆ ಸರಿ. ಮಳೆಯಲ್ಲಿ ಗಾಜು ಮಂಜಾದಾಗ ಬಟ್ಟೆ ಹಿಡ್ಕೊಂಡು ಒರೆಸ್ತಾ ಕೂರಬೇಕು.

ಕೆಲಸ ಕೇಳೋಕೆ ಸಣ್ಣದು: ನಟ್ಟು ಬಿಚ್ಚು, ಹಳೇದು ಇಳಿಸು, ಹೊಸ ಗ್ಯಾಸ್ಕೆಟ್ ಇಟ್ಟು ಏರಿಸು. ಆದರೆ ದಶಕಗಟ್ಟಲೆ ಬೆಂದ ಆ ನಟ್ಟುಗಳು ಸ್ಟಡ್ಡಿಗೆ ಕಚ್ಕೊಂಡಿರ್ತವೆ. ಅವಸರ ಮಾಡಿದರೆ ಸ್ಟಡ್ ಸಿಲಿಂಡರ್ ಹೆಡ್ಡಿನೊಳಗೇ ಮುರಿಯುತ್ತೆ, ಆಮೇಲೆ ಎಂಜಿನ್ ಇಳಿಸೋ ಮಾತು. ಕ್ಯಾಲಿಫೋರ್ನಿಯಾದಲ್ಲಿ ನಾನಿದ್ದಾಗ ನಮ್ಮ ಟೀಮಿನ ಸೀನಿಯರ್ ಒಬ್ಬರು, ಹಾಸನದ ಕಡೆಯವರು, ತಮ್ಮ ಎಸ್‌ಸಿಯ ಹನ್ನೆರಡು ನಟ್ಟುಗಳಿಗೆ ಒಂದು ವಾರ ದಿನಾ ಸಂಜೆ ಎಣ್ಣೆ ಬಿಡ್ತಿದ್ದರು, ದೇವರಿಗೆ ದೀಪ ಹಚ್ಚೋ ಶ್ರದ್ಧೆಯಲ್ಲಿ.

ಅವರ ಗ್ಯಾರೇಜಿನ ಮೂಲೆಯಲ್ಲಿ ಹಳೇ ಎಕ್ಸಾಸ್ಟ್ ಕನ್ವರ್ಟರ್ ಸಮೇತ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ. 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ವಿನಾಯಿತಿ, 1976ರಿಂದ ಇತ್ತೀಚಿನವು ತೋರಿಸಲೇಬೇಕು. ತಪಾಸಣೆಗೆ ಮುಂಚೆ ಹಳೇದು ಏರಿಸ್ತಾರೆ, ಪಾಸಾದ ಮೇಲೆ ಇಳಿಸ್ತಾರೆ.

“ಸರ್, ಇದು ಮೋಸ ಅಲ್ವಾ?” ಅಂದೆ.

“ಅಯ್ಯೋ ಮಾರಾಯ, ವರ್ಷಕ್ಕೆ ಸಾವಿರ ಮೈಲಿ ಓಡಿಸೋನು ನಾನು. ನನ್ನೊಬ್ಬನಿಂದ ಏನಾಗುತ್ತೆ?”

ಲೆಕ್ಕ ಅವರದ್ದು ತಪ್ಪಲ್ಲ. ಆದರೆ ಹಾಗೆನ್-ಸ್ಮಿಟ್ ಎದುರಿಸಿದ್ದು ಇದೇ ಮಾತನ್ನ, ಊರಿಗೆ ಊರೇ ಹೇಳ್ತಿತ್ತು. ನಾನು ಅವರ ಜೊತೆ ವಾದಕ್ಕೆ ಇಳಿಯಲಿಲ್ಲ, ಒಪ್ಪಲೂ ಇಲ್ಲ. ಕಾರು ಮಾತ್ರ ಸಕತ್ತಾಗಿ ಕೇಳಿಸ್ತಿತ್ತು. ಅದು ನಮ್ಮ ಬೀದಿಗಳಲ್ಲಿ ಸೈಲೆನ್ಸರ್ ಕಿತ್ತೆಸೆದ ಬೈಕಿನ ಅರಚಾಟವಲ್ಲ, ಒರಟು ಬಟ್ಟೆ ಉದ್ದಕ್ಕೆ ಹರಿದ ಹಾಗೆ, ಮೇಲೆ ಹೋದಂತೆ ಬಿಗಿಯಾಗೋ ದನಿ.

ಆ ದನಿಗೂ ಕೊನೆ ಬಂತು. ಹೊಗೆ ಮತ್ತು ಶಬ್ದದ ನಿಯಮಗಳು ಬಿಗಿಯಾಗ್ತಾ ಹೋದವು, ನೀರಿಲ್ಲದೆ ಮುಂದೆ ಸಾಗೋದು ಕಷ್ಟವಾಯ್ತು. ಗಾಳಿ ತಣಿಸುವ ಕೊನೆಯ 911, ಅಂದ್ರೆ 993 ಮಾದರಿ, 1998ರಲ್ಲಿ ನಿಂತಿತು. ಈಗ ಹಳೇ ಎಸ್‌ಸಿ, ಕರೆರಾಗಳ ಮಾರಾಟದ ಜಾಹೀರಾತಿನಲ್ಲಿ ಹೊಸ ಎಕ್ಸ್‌ಚೇಂಜರಿನ ಬಣ್ಣನೆ ಮುಗಿದ ಮೇಲೆ ಕೆಳಗೊಂದು ಸಾಲು ಇರುತ್ತೆ: ಕಾರಿನ ಜೊತೆ ಮೂಲ ಎಕ್ಸಾಸ್ಟನ್ನೂ ಕೊಡಲಾಗುವುದು.